ಒಡೆದರೂ ಉದುರದ ಗಾಜು

ಗಾಜಿನ ವಿಷಯದಲ್ಲಿ ನನಗೆ ಪಾಠ ಹೇಳಿಕೊಡುವವನು ಇನ್ನೂ ಹುಟ್ಟಿಲ್ಲ! ಈ ಮಾತನ್ನು ನಾನು ಹೇಳಿದ್ದು ಒಂದು ಮಂಗಳವಾರ ಸಂಜೆ, ಟೀ ಕುಡಿಯುತ್ತ, ಎದೆ ಉಬ್ಬಿಸಿಕೊಂಡು. ಆಗ ನಮ್ಮ ಮನೆಯಲ್ಲಿ ಕಿಟಕಿ, ಕನ್ನಡಿ, ಷೋಕೇಸು, ಫೋಟೋ ಎಲ್ಲ ಸೇರಿ ಒಟ್ಟು ಇಪ್ಪತ್ತಮೂರು ಗಾಜುಗಳಿದ್ದವು. ಈ ಲೆಕ್ಕ ಆಗ ನನಗೆ ಗೊತ್ತಿರಲಿಲ್ಲ. ಆಮೇಲೆ ಗುಡಿಸುವಾಗ ಗೊತ್ತಾಯಿತು.

ಜಂಭ ಕೊಚ್ಚಿಕೊಳ್ಳಲು ನನಗೆ ಕಾರಣವಿತ್ತು ಸ್ವಾಮಿ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಗಾಜು ಉಜ್ಜುತ್ತಿರುವವನು ನಾನು. ಉಜ್ಜಿದ ಪ್ರತಿಯೊಂದು ಗಾಜನ್ನೂ ಒಂದು ರಬ್ಬರ್ ಬಳೆಯ ಮೇಲಿಟ್ಟು, ಎದೆಯೆತ್ತರದಿಂದ ಅದರ ಮೇಲೆ ಉಕ್ಕಿನ ಸಣ್ಣ ಗುಂಡೊಂದನ್ನು ಬೀಳಿಸುವುದು ನಮ್ಮ ಅಂಗಡಿಯ ಪದ್ಧತಿ. ಒಡೆದರೆ ಕಸದ ಬುಟ್ಟಿಗೆ, ಒಡೆಯದಿದ್ದರೆ ಗಿರಾಕಿಯ ಮೂಗಿಗೆ. ಗುಂಡು ಬೀಳಿಸದೆ ಒಂದು ಗಾಜನ್ನೂ ನಾನು ಹೊಸ್ತಿಲು ದಾಟಲು ಬಿಟ್ಟವನಲ್ಲ. ಅದಕ್ಕೇ ಅಂಗಡಿಯವರೆಲ್ಲ ನನ್ನನ್ನು 'ಗುಂಡು ಸಾಹೇಬ್ರು' ಅನ್ನುತ್ತಾರೆ. ಕೆಲವರು ಇದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡು ನನ್ನ ಹೆಂಡತಿಯನ್ನು ದಾರಿಯಲ್ಲಿ ನಿಲ್ಲಿಸಿ ಸಮಾಧಾನ ಹೇಳಿದ್ದೂ ಉಂಟು.

ಹೆಂಡತಿ ಡ್ರೈವರು. ನಮ್ಮ ಸಂಸಾರದ ಸ್ಟೀರಿಂಗು ಅವಳ ಕೈಯಲ್ಲಿದೆ ಎಂದು ನಾನು ಹೇಳಿದರೆ ಅದು ಅಲಂಕಾರದ ಮಾತಲ್ಲ, ಇದ್ದ ಸಂಗತಿ. ಒಂಬತ್ತು ಜನ ಕೂರುವ ವ್ಯಾನು ಅವಳದು, ಅವಳದೇ ಸಂಪಾದನೆಯದು. ಹದಿನಾಲ್ಕು ವರ್ಷಗಳಿಂದ ಕರೆದವರನ್ನೆಲ್ಲ ಕರೆದಲ್ಲಿಗೆ ಬಿಟ್ಟು ಬರುತ್ತಾಳೆ. ದೊಡ್ಡಾಸ್ಪತ್ರೆಯ ನರ್ಸುಗಳನ್ನು ದಿನಾ ಬೆಳಿಗ್ಗೆ ಕರೆತಂದು ಮಧ್ಯಾಹ್ನ ಮನೆಗೆ ಮುಟ್ಟಿಸುವ ಕಾಯಂ ಕೆಲಸಕ್ಕೆ ಅವಳು ಅರ್ಜಿ ಹಾಕಿ ಎರಡು ವರ್ಷವಾಗಿತ್ತು. ಆ ಮಂಗಳವಾರ ಕಾಗದ ಬಂದಿತ್ತು. ಮುಂದಿನ ವಾರದ ಶನಿವಾರ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯ ಅಂಗಳದಲ್ಲಿ ವಾಹನ ತಪಾಸಣೆ. ಗಾಜುಗಳೆಲ್ಲ ಬಿರುಕಿಲ್ಲದೆ ಪೂರ್ತಿ ಇರತಕ್ಕದ್ದು. ತಪ್ಪಿದರೆ ಕೆಲಸ ಪಟ್ಟಿಯಲ್ಲಿ ಮುಂದಿನವರಿಗೆ.

ಸಂಕಟ ಇದ್ದದ್ದೇ ಅಲ್ಲಿ. ಎರಡು ತಿಂಗಳಲ್ಲಿ ಎರಡು ಸಲ ಯಾವನೋ ಪುಣ್ಯಾತ್ಮ ಬೀದಿಯಲ್ಲಿ ನಿಂತ ಆ ವ್ಯಾನಿನ ಗಾಜಿಗೆ ಕಲ್ಲು ಬೀಸಿ, ಎರಡು ಸಲವೂ ಹೊಸ ಗಾಜು ಹಾಕಿಸುವ ಹಾಗೆ ಮಾಡಿದ್ದ. ಒಳಗಿನ ಒಂದು ಕಡ್ಡಿಯನ್ನೂ ಮುಟ್ಟಿರಲಿಲ್ಲ. ಕಳ್ಳನಾಗಿದ್ದರೆ ಏನಾದರೂ ತೆಗೆದುಕೊಂಡು ಹೋಗುತ್ತಿದ್ದ. ಇವನು ಕಲ್ಲನ್ನು ಸೀಟಿನ ಮೇಲೆ ಕೊಟ್ಟು ಹೋಗಿದ್ದ.

"ಫಿಲ್ಮ್ ಅಂಗಡಿಯವನಿಗೆ ಫೋನ್ ಮಾಡಿದೀನಿ. ನಾಳೆ ವ್ಯಾನ್ ಬಿಟ್ರೆ ಎರಡು ಗಂಟೇಲಿ ಎಲ್ಲ ಗಾಜಿಗೂ ಹಾಕ್ಕೊಡ್ತಾನಂತೆ," ಅಂದಳು.

"ಯಾವ ಫಿಲ್ಮು? ಎಷ್ಟು ದಪ್ಪ? ಅಂಟು ಎಂಥದ್ದು?"

"ಗಾಜಿಗೆ ಹಾಕೋ ಫಿಲ್ಮು ರೀ. ಕಲ್ಲು ಬಿದ್ರೆ ತಡೆಯೋದು."

"ಹತ್ತೊಂಬತ್ತು ವರ್ಷ ಗಾಜಿನ ಜೊತೆ ಸಂಸಾರ ಮಾಡಿದವನು ಮನೇಲಿ ಇರೋವಾಗ, ಯಾರೋ ದಾರಿಹೋಕ ನಿನ್ನ ವ್ಯಾನಿಗೆ ಏನೋ ಅಂಟಿಸೋದಾ? ಈ ಗಾಜಿನ ಭಾರ ನಂಗೆ ಬಿಡು."

"ನನ್ನ ಜೊತೆ ಸಂಸಾರ ಮಾಡಿರೋದು ಹದಿನಾರೇ ವರ್ಷ. ಅದರ ಭಾರಾನೂ ನಾನೇ ಹೊತ್ತಿದೀನಿ," ಅಂದಳು ಹೆಂಡತಿ.

ನಮ್ಮ ಜೊತೆಗೇ ಇರುವ ಅತ್ತೆ ಆಗ ಲೋಟ ಕೆಳಗಿಟ್ಟರು. "ಹೋಗ್ಲಿ ಬಿಡೆ, ಅಳಿಯಂದ್ರು ಅಷ್ಟು ಆಸೆಪಡ್ತಿದಾರೆ. ಊರಿಗೆಲ್ಲ ಒಂದು ದಾರಿ ಆದ್ರೆ..." ಅಂದು ಗಾದೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಉಳಿದರ್ಧದಲ್ಲಿ ಎಡವಟ್ಟ ಬರುತ್ತಾನೆಂದು ನನಗೆ ಗೊತ್ತಿತ್ತು. ಅಳಿಯನ ಮೇಲಿನ ಗೌರವದಿಂದ ಅವನನ್ನು ಅವರು ಟೀ ಜೊತೆ ನುಂಗಿಕೊಂಡರು.

ಮರುದಿನ ಫಿಲ್ಮ್ ಅಂಗಡಿಗೆ ದಂಡೆತ್ತಿ ಹೋದೆ. ಅಂಗಡಿಯವನು ಒಳ್ಳೆಯ ಮನುಷ್ಯ. ಬಿಳಿಯದು, ಕರಿಯದು, ಕನ್ನಡಿಯ ಹಾಗೆ ಹೊಳೆಯುವುದು ಎಂದು ಸುರುಳಿಗಳನ್ನು ಬಿಚ್ಚಿ ತೋರಿಸಿದ. ನಾನು ಒಂದೊಂದನ್ನೂ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ವಜ್ರದ ವ್ಯಾಪಾರಿಯ ಹಾಗೆ 'ಹೂಂ' ಅಂದೆ.

"ಕಲ್ಲು ಹೊಡೆದ್ರೆ ಒಡೆಯಲ್ಲ ಅಂತ ಬರೆದು ಕೊಡ್ತೀರಾ?"

"ಒಡೆಯಲ್ಲ ಅಂತ ನಾನ್ಯಾವಾಗ ಅಂದೆ ಸಾರ್? ಗಾಜು ಅಂದ್ಮೇಲೆ ಒಡೆಯುತ್ತೆ. ಆದ್ರೆ ಒಡೆದ್ರೂ ಉದುರಲ್ಲ. ಒಳಗಡೆಯಿಂದ ಫಿಲ್ಮ್ ಹಾಕಿರ್ತೀವಲ್ಲ, ಚೂರೆಲ್ಲ ಅದಕ್ಕೇ ಅಂಟ್ಕೊಂಡು ನಿಂತಿರುತ್ತೆ. ಕೂತಿರೋರಿಗೆ ಚುಚ್ಚಲ್ಲ. ಕಲ್ಲು ಹೊಡೆದವನು ಕೈ ಹಾಕೋಕೂ ಆಗಲ್ಲ."

ಒಡೆದರೂ ಉದುರಲ್ಲ! ಆಹಾ! ಹತ್ತೊಂಬತ್ತು ವರ್ಷ ಒಡೆದ ಗಾಜನ್ನು ಬರೀ ಗುಡಿಸಿದ ನನಗೆ ಈ ಮಾತು ಉಪದೇಶದ ಹಾಗೆ ಕೇಳಿಸಿತು. ಎದೆಯಲ್ಲಿ ಏನೋ ಅರಳಿತು.

"ಯಾವುದು ಒಳ್ಳೇದು ಇದರಲ್ಲಿ?"

"ಈ ದಪ್ಪ ಬಿಳೀದು ಹಾಕ್ಸಿ ಸಾರ್. ಎಲ್ಲರೂ ಇದನ್ನೇ ಹಾಕ್ಸೋದು."

ಎಲ್ಲರೂ ಹಾಕಿಸುವುದನ್ನೇ ಹಾಕಿಸಲು ನಾನು ಬೇರೆ ಹುಟ್ಟಿ ಬರಬೇಕಿತ್ತೇ? ಆರು ಬಗೆಯ ಫಿಲ್ಮಿನ ಮಾದರಿ ತುಂಡುಗಳನ್ನು ಕೊಡಲು ಹೇಳಿದೆ, ಮನೆಯಲ್ಲಿ ಪರೀಕ್ಷೆ ಮಾಡುತ್ತೇನೆಂದೆ. ಹೇಗೆ ಅಂತ ಕೇಳಿದ. ಜೇಬಿನಿಂದ ಗುಂಡು ತೆಗೆದು ತೋರಿಸಿದೆ. ಅವನು ಗುಂಡನ್ನು ನೋಡಿದ, ನನ್ನನ್ನು ನೋಡಿದ.

"ಮನೇಲಿ ಯಾರಾದ್ರೂ ದೊಡ್ಡೋರು ಇದಾರಾ ಸಾರ್?" ಅಂತ ಕೇಳಿದ.

ಕನ್ನಡಕದ ಗುಂಡು ಕಡಲೆಕಾಳಿನ ಗಾತ್ರದ್ದು. ವ್ಯಾನಿನ ಗಾಜಿಗೆ ಅದು ಯಾವ ಮೂಲೆಗೆ? ಲೇತ್ ಕೆಲಸದ ಷೆಡ್ಡಿಗೆ ಹೋಗಿ ನಿಂಬೆಹಣ್ಣಿನ ಗಾತ್ರದ ಉಕ್ಕಿನ ಗುಂಡೊಂದನ್ನು ಸಂಪಾದಿಸಿದೆ. ಕೈಯಲ್ಲಿ ಹಿಡಿದರೆ ತೂಕವೇ ತೂಕ, ಆತ್ಮವಿಶ್ವಾಸವೇ ಗುಂಡಾಗಿ ಕೂತ ಹಾಗೆ.

ಮೊದಲ ಪರೀಕ್ಷೆ ಬಚ್ಚಲುಮನೆಯ ಕಿಟಕಿಗೆ. ತೆಳು ಫಿಲ್ಮನ್ನು ಒಳಗಡೆಯಿಂದ ಅಂಟಿಸಿ, ಹೊರಗೆ ಬಂದು, ಗುರಿಯಿಟ್ಟು ಗುಂಡು ಬೀಸಿದೆ. ಗುಂಡು ಗಾಜನ್ನೂ ಫಿಲ್ಮನ್ನೂ ಸೀಳಿಕೊಂಡು ಒಳಗೆ ಹೋಗಿ, ಅತ್ತೆ ಸ್ವೆಟರ್ ನೆನೆಹಾಕಿದ್ದ ಬಕೆಟ್ಟಿಗೆ ದುಡುಂ ಎಂದು ಬಿತ್ತು.

"ಅಳಿಯಂದ್ರೇ, ಬಕೆಟ್ಟಲ್ಲಿ ಏನೋ ಬಿತ್ತು," ಒಳಗಿನಿಂದ ಅತ್ತೆಯ ದನಿ.

"ಪರೀಕ್ಷೆ ಅತ್ತೆ."

"ಪಾಸಾ?"

"ಫೇಲು."

"ಹಾಗಾದ್ರೆ ನನ್ನ ಸ್ವೆಟರ್ ತಕ್ಕೊಳ್ಳಲಾ, ಇನ್ನೂ ಪರೀಕ್ಷೆ ಇದೆಯಾ?"

ಸ್ವೆಟರ್ ತೆಗೆದುಕೊಂಡು ಪ್ರಯೋಜನವಿರಲಿಲ್ಲ. ಉಣ್ಣೆಯ ಎಳೆ ಎಳೆಗೂ ಗಾಜಿನ ಚೂರು ಸಿಕ್ಕಿಕೊಂಡಿತ್ತು. ಮುಳ್ಳುಹಂದಿ ಕೂಡ ಅದನ್ನು ಹಾಕಿಕೊಳ್ಳಲು ಎರಡು ಸಲ ಯೋಚಿಸುತ್ತಿತ್ತು.

ಎರಡನೆಯದು ಕರಿ ಫಿಲ್ಮು, ಅಡುಗೆಮನೆಯ ಕಿಟಕಿಗೆ. ಅಂಟಿಸಿದ ಮೇಲೆ ಮಧ್ಯಾಹ್ನ ಎರಡು ಗಂಟೆಗೇ ಅಡುಗೆಮನೆಯಲ್ಲಿ ಕಗ್ಗತ್ತಲು. ನಿದ್ದೆಯಿಂದೆದ್ದು ನೀರು ಕುಡಿಯಲು ಬಂದ ಅತ್ತೆ, ರಾತ್ರಿಯಾಗಿದೆ ಎಂದುಕೊಂಡು ರಾತ್ರಿಯ ಮಾತ್ರೆ ನುಂಗಿ ಮತ್ತೆ ಹೋಗಿ ಮಲಗಿದರು. ಕಣ್ಣು ಬಿಟ್ಟಾಗ ಸಂಜೆ ಐದೂವರೆ. ಮರುದಿನ ಬೆಳಗಾಯಿತೆಂದು ಎಲ್ಲರಿಗೂ ಹಲ್ಲುಜ್ಜಲು ಹೇಳಿದರು. ನಾನು ಮಾತ್ರ ಸುಮ್ಮನೆ ಹೋಗಿ ಉಜ್ಜಿದೆ, ತಪ್ಪು ನನ್ನದಾಗಿತ್ತಲ್ಲ.

ಮೂರನೆಯದು ಕನ್ನಡಿ ಫಿಲ್ಮು, ಷೋಕೇಸಿನ ಗಾಜಿಗೆ.

"ಇದು ಬೇಡ. ಕಲ್ಲು ಹೊಡೆಯೋನು ಮೊದಲು ತಲೆ ಬಾಚ್ಕೊಂಡು ಆಮೇಲೆ ಹೊಡೀತಾನೆ," ಅಂದಳು ಕೆಲಸ ಮುಗಿಸಿ ಬಂದ ಹೆಂಡತಿ.

"ಊಹೆ ಬೇರೆ, ಪರೀಕ್ಷೆ ಬೇರೆ," ಅಂದು ಬೀಸಿಯೇಬಿಟ್ಟೆ. ಷೋಕೇಸಿನ ಒಳಗೆ ಏನಿದೆ ಎಂದು ನೋಡಿಕೊಳ್ಳುವುದು ಪರೀಕ್ಷೆಯ ಕ್ರಮದಲ್ಲಿ ಸೇರಿರಲಿಲ್ಲ. ಅಲ್ಲಿ ಅವಳ ಗಾಜಿನ ಬಹುಮಾನದ ಕಪ್ಪಿತ್ತು. ಹನ್ನೆರಡು ವರ್ಷ ಒಂದೇ ಒಂದು ಅಪಘಾತ ಮಾಡದೆ ವಾಹನ ಓಡಿಸಿದ್ದಕ್ಕೆ ಡ್ರೈವರುಗಳ ಸಂಘ ಕೊಟ್ಟದ್ದು. ಅದಕ್ಕೆ ಅಪಘಾತವಾಯಿತು.

ಹೆಂಡತಿ ಒಳಗೆ ಹೋದಳು. ಪೊರಕೆ ತಂದು ನನ್ನ ಕೈಗೆ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಹದಿನಾರು ವರ್ಷದ ಅನುಭವದಿಂದ ಹೇಳುತ್ತೇನೆ, ಬೈಯದ ಹೆಂಡತಿಗಿಂತ ಭಯಂಕರವಾದ ಹವಾಮಾನ ಇನ್ನೊಂದಿಲ್ಲ.

ಹೀಗೆ ಬುಧವಾರ ಶುರುವಾದ ಪರೀಕ್ಷೆ ಮುಂದಿನ ಬುಧವಾರ ಮುಗಿಯಿತು. ಒಂದು ಮಾದರಿಯನ್ನು ಒಂದೇ ಸಲ ಹೊಡೆದು ಬಿಟ್ಟರೆ ಅದು ಪರೀಕ್ಷೆಯಲ್ಲ, ಪೋಲಿತನ. ಹಾಗಾಗಿ ಮೂರು ಮೂರು ಸಲ ಹೊಡೆದೆ. ಊರಿನಲ್ಲಿ ಬೀಸುವ ಗಾಳಿ ಅಷ್ಟೂ ನಮ್ಮ ಮನೆಯ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗತೊಡಗಿತು. ಅತ್ತೆ ಕಿವಿಗೆ ಮಫ್ಲರ್ ಸುತ್ತಿಕೊಂಡೇ ಊಟಕ್ಕೆ ಕೂರುತ್ತಿದ್ದರು. ಪಕ್ಕದ ಮನೆಯ ಪೋಸ್ಟ್‌ಮಾಸ್ಟರು ಬೇಲಿಯ ಹತ್ತಿರ ಬಂದು, "ಮನೆಗೂ ಬಂದ್ರಾ ಕಲ್ಲು ಹೊಡೆಯೋರು?" ಅಂತ ಮರುಕದಿಂದ ಕೇಳಿದರು.

"ಇಲ್ಲ ಸಾರ್, ಇದೆಲ್ಲ ನಾನೇ ಒಡೆದಿದ್ದು."

"ಮನೆಯವರ ಜೊತೆ ಜಗಳಾನಾ?"

"ಇಲ್ಲ ಸಾರ್, ಪ್ರೀತಿಯಿಂದ."

ಅವರು ತಲೆಯಾಡಿಸಿ ತಮ್ಮ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡರು.

ಫಲಿತಾಂಶವನ್ನು ಬುಧವಾರ ಸಂಜೆ ಪ್ರಕಟಿಸಿದೆ. ಆರನೆಯ ಮಾದರಿ, ಅಂದರೆ ದಪ್ಪ ಬಿಳಿ ಫಿಲ್ಮು, ಎಲ್ಲಕ್ಕಿಂತ ಶ್ರೇಷ್ಠ! ಗಾಜು ಸಾವಿರ ಸೀಳಾದರೂ ಒಂದು ಚೂರೂ ನೆಲಕ್ಕೆ ಬೀಳಲಿಲ್ಲ.

"ಅಂಗಡಿಯವನು ಮೊದಲ್ನೇ ದಿನ ಇದನ್ನೇ ಅಲ್ವಾ ಹೇಳಿದ್ದು?" ಅಂದಳು ಹೆಂಡತಿ.

"ಅವನು ಸುಮ್ನೆ ಹೇಳಿದ. ನಾನು ಸಾಬೀತು ಮಾಡಿದೆ."

"ಬೆಟ್ಟ ಅಗೆದು ಇಲಿ ಹಿಡಿದ್ರಂತೆ," ಅಂದರು ಅತ್ತೆ ಮಫ್ಲರಿನೊಳಗಿಂದ. "ನಮ್ಮ ಅಳಿಯಂದ್ರು ಮನೆ ಅಗೆದು ಹಿಡಿದ್ರು."

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆದರೆ ಆರಿಸಿದವನೇ ಅಂಟಿಸಬೇಕು ಎನ್ನುವ ಧರ್ಮಸೂಕ್ಷ್ಮವೊಂದು ನನ್ನ ತಲೆಯೊಳಗೆ ಹೊಕ್ಕಿತು. ಗುರುವಾರ ರಜೆ ಹಾಕಿ, ಫಿಲ್ಮಿನ ಸುರುಳಿ ತಂದು, ಸೋಪುನೀರು, ರಬ್ಬರ್ ಪಟ್ಟಿ, ಬ್ಲೇಡು ಹಿಡಿದು ವ್ಯಾನಿನೊಳಗೆ ಸೇರಿಕೊಂಡೆ. ಹೆಂಡತಿ ಆ ದಿನ ಬಾಡಿಗೆಗೆ ಹೋಗುವುದನ್ನು ಬಿಟ್ಟು ಮನೆಯಲ್ಲೇ ಉಳಿದಳು.

ಗಾಜಿಗೆ ಸೋಪುನೀರು ಚಿಮುಕಿಸಿ, ಫಿಲ್ಮ್ ಇಟ್ಟು, ಪಟ್ಟಿಯಿಂದ ನೀರನ್ನು ಅಂಚಿಗೆ ತಳ್ಳಬೇಕು. ಹೇಳಲು ಇಷ್ಟೇ. ಮೊದಲ ಗಾಜಿನಲ್ಲಿ ಸಾಸಿವೆಯಷ್ಟು ಒಂದು ಗುಳ್ಳೆ ಉಳಿಯಿತು. ಬೇರೆಯವರಾದರೆ ಬಿಡುತ್ತಿದ್ದರು. ಕನ್ನಡಕದ ಗಾಜಿನಲ್ಲಿ ಗುಳ್ಳೆ ಕಂಡರೆ ರಾತ್ರಿ ಊಟ ಸೇರದ ಜೀವ ನನ್ನದು. ಕಿತ್ತೆ, ಮತ್ತೆ ಅಂಟಿಸಿದೆ, ಎರಡು ಗುಳ್ಳೆ. ಮತ್ತೆ ಕಿತ್ತೆ, ನಾಲ್ಕು. ಮಧ್ಯಾಹ್ನದ ಹೊತ್ತಿಗೆ ಆ ಗಾಜಿಗೆ ಸಿಡುಬು ಬಂದ ಹಾಗೆ ಕಾಣುತ್ತಿತ್ತು. ಅಂಟು ಮಾತ್ರ ಶ್ರೇಷ್ಠವಾದದ್ದು ಅನ್ನುವುದಕ್ಕೆ ನನ್ನ ಅಂಗಿ, ಎಡಗೈಯ ಕೂದಲು, ಸೀಟಿನ ಬೆನ್ನು ಮೂರೂ ಸಾಕ್ಷಿ. ನಾಲ್ಕು ಗಂಟೆಗೆ ಸುರುಳಿ ಮುಗಿಯಿತು. ಒಂದು ಗಾಜೂ ಮುಗಿದಿರಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಫಿಲ್ಮಿನೊಳಗೆ ಸುತ್ತಿಕೊಂಡು, ಕೈ ಬಿಡಿಸಲು ಹೋದರೆ ಕಾಲು, ಕಾಲು ಬಿಡಿಸಲು ಹೋದರೆ ಕುತ್ತಿಗೆ ಸಿಕ್ಕಿಹಾಕಿಕೊಂಡು ಕೂತಿದ್ದೆ.

ಹೆಂಡತಿ ಬಂದು ಬಾಗಿಲು ತೆಗೆದಳು. ಕತ್ತರಿ ತಂದು ನನ್ನನ್ನು ಬಿಡಿಸಿದಳು. ಆಮೇಲೆ ಡ್ರೈವರ್ ಸೀಟಿನಲ್ಲಿ ಕೂತು, ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು, ನನ್ನ ಕಡೆ ನೋಡದೆ ಮಾತಾಡಿದಳು.

"ರೀ, ನಂಗೆ ಈ ಕೆಲಸ ಬೇಕು. ಹದಿನಾಲ್ಕು ವರ್ಷ ಯಾರ್ಯಾರನ್ನೋ ಎಲ್ಲೆಲ್ಲಿಗೋ ಬಿಟ್ಟು ಬಂದೆ. ಫೋನ್ ಬಂದ್ರೆ ಉಂಟು, ಬರದಿದ್ರೆ ಇಲ್ಲ. ನಾಳೆ ಬೆಳಿಗ್ಗೆ ಎಲ್ಲಿಗೆ ಹೋಗ್ಬೇಕು ಅಂತ ಇವತ್ತೇ ಗೊತ್ತಿರೋ ಒಂದು ಕೆಲಸ ಬೇಕು. ಆ ನರ್ಸುಗಳು 'ನಮ್ಮ ವ್ಯಾನ್ ಬಂತು' ಅಂತ ಗೇಟ್ ಹತ್ರ ನಿಂತಿರ್ಬೇಕು. ಅಷ್ಟೇ ನನ್ನ ಆಸೆ. ದೊಡ್ಡ ಆಸೆಯಾ ಇದು?"

ತೋಳಿಗಂಟಿದ್ದ ಫಿಲ್ಮಿನ ಚೂರುಗಳನ್ನು ಕೀಳತೊಡಗಿದೆ. ತಮಾಷೆ ಮಾಡುತ್ತಿಲ್ಲ. ಕೋತಿ ತಾನೂ ಕೆಟ್ಟಿತು, ವನವನ್ನೂ ಕೆಡಿಸಿತು ಅಂತಾರಲ್ಲ, ಆ ಕೋತಿಗೆ ಮನಸ್ಸು ಅಂತ ಒಂದಿದ್ದರೆ ಅದು ಆ ಹೊತ್ತಿನಲ್ಲಿ ನನ್ನದರ ಹಾಗೇ ಇರುತ್ತಿತ್ತು.

"ಇಲ್ಲ. ಇನ್ನು ನಾನು ಏನೂ ಮುಟ್ಟಲ್ಲ," ಅಂದೆ.

"ಆ ಗುಂಡು ಕೊಡಿ."

ಕೊಟ್ಟೆ. ಚಿಕ್ಕದನ್ನು ಕೊಟ್ಟೆ. ನಾನು ಸುಳ್ಳು ಹೇಳಲಿಲ್ಲ, ಅವಳು ಎಷ್ಟು ಗುಂಡು ಅಂತ ಕೇಳಲಿಲ್ಲ.

ಶುಕ್ರವಾರ ಅವಳೇ ವ್ಯಾನನ್ನು ಫಿಲ್ಮ್ ಅಂಗಡಿಗೆ ತೆಗೆದುಕೊಂಡು ಹೋದಳು. ಅಂಗಡಿಯವನು ನನ್ನ ಸಿಡುಬಿನ ಗಾಜನ್ನು ಉಜ್ಜಿ ತೊಳೆದು, ಎಲ್ಲ ಗಾಜಿಗೂ ದಪ್ಪ ಬಿಳಿ ಫಿಲ್ಮನ್ನು ಒಂದು ಗುಳ್ಳೆಯಿಲ್ಲದೆ ಅಂಟಿಸಿ ಕಳಿಸಿದ. ಸರಿಯಾಗಿ ಎರಡು ಗಂಟೆ ಹಿಡಿಯಿತಂತೆ. ವ್ಯಾನು ಬಂದ ಮೇಲೆ ನಾನು ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದೆ. ಫಿಲ್ಮ್ ಇದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ, ಅಷ್ಟು ಸ್ವಚ್ಛ. ಆದರೆ ಒಂದೇ ಒಂದು ಹುಳ ಒಳಗೆ ಕೊರೆಯಿತು. ಇಷ್ಟು ಚೆನ್ನಾಗಿರುವ ಗಾಜಿನ ಮೇಲೆ ಇನ್ನೂ ಗುಂಡು ಬಿದ್ದಿಲ್ಲವಲ್ಲ.

ಶನಿವಾರ ನಾನು ಮನೆಯಲ್ಲೇ ಇರಬೇಕಾಗಿತ್ತು. ಕಾಗದಪತ್ರದ ಫೈಲು ಹಿಡಿದುಕೊಳ್ಳಲು ಒಬ್ಬರು ಬೇಡವೇ ಎಂದು ನಾನೇ ಗೋಗರೆದೆ.

"ಬಂದ್ರೆ ಬನ್ನಿ. ಆದ್ರೆ ಬಾಯಿ ಬಿಡಬಾರದು," ಅಂದಳು.

"ಬಿಡಲ್ಲ."

ಆಸ್ಪತ್ರೆಯ ಅಂಗಳದಲ್ಲಿ ತಪಾಸಣೆಯ ಅಧಿಕಾರಿ ಕಾದಿದ್ದರು. ಮೆತ್ತಗೆ ಮಾತಾಡುವ, ನಿವೃತ್ತಿಗೆ ಹತ್ತಿರವಾದ ಮನುಷ್ಯ. ಆಚೆ ಒಂದು ಕೆಂಪು ವ್ಯಾನು ನಿಂತಿತ್ತು, ಪಟ್ಟಿಯಲ್ಲಿ ಮುಂದಿನವನದು. ಅದರ ಡ್ರೈವರು ಬಟ್ಟೆ ಹಿಡಿದು ಗಾಜು ಒರೆಸುತ್ತ, ನಮ್ಮ ಕಡೆ ಒಂದು ಕಣ್ಣಿಟ್ಟಿದ್ದ.

ಅಧಿಕಾರಿ ಬ್ರೇಕ್ ನೋಡಿದರು, ಹಾರ್ನ್ ಹೊಡೆದರು, ಒಂಬತ್ತು ಬೆಲ್ಟುಗಳನ್ನೂ ಎಳೆದು ನೋಡಿದರು. ಒಂದೊಂದಕ್ಕೂ ಕಾಗದದ ಮೇಲೆ ಸರಿ ಗುರುತು. ಹೆಂಡತಿಯ ಮುಖ ಒಂದೊಂದು ಗುರುತಿಗೂ ಒಂದೊಂದು ಸುತ್ತು ಬೆಳಗುತ್ತಿತ್ತು. ಕೊನೆಗೆ ಗಾಜು. ಎಲ್ಲವನ್ನೂ ಸುತ್ತಿ ನೋಡಿ, ಬಿರುಕಿಲ್ಲ ಎಂದು ಅದಕ್ಕೂ ಸರಿ ಗುರುತು ಹಾಕಿದರು. ಇನ್ನು ಸಹಿಯೊಂದೇ ಬಾಕಿ.

ಆಗ ಆ ಮನುಷ್ಯ ಸುಮ್ಮನಿರಲಾರದೆ, ಬರೀ ಸೌಜನ್ಯಕ್ಕೆ, ಬೆರಳಿನಿಂದ ಗಾಜನ್ನು ಟಕಟಕ ಅನ್ನಿಸಿ, "ಫಿಲ್ಮ್ ಹಾಕ್ಸಿದೀರಾ? ಒಳ್ಳೇದು. ಗಟ್ಟಿ ಇದೆಯಾ?" ಅಂತ ಕೇಳಿದರು.

ಗಟ್ಟಿ ಇದೆಯಾ! ಹನ್ನೊಂದು ದಿನ ಮನೆಮಠ ಒಡೆದುಕೊಂಡು ಕಂಡುಹಿಡಿದ ಉತ್ತರಕ್ಕೆ ಕೊನೆಗೂ ಒಬ್ಬರು ಪ್ರಶ್ನೆ ಕೇಳಿದ್ದರು. ನಾನು ಬಾಯಿ ಬಿಡಲಿಲ್ಲ, ಕೊಟ್ಟ ಮಾತಿಗೆ ತಪ್ಪುವವನಲ್ಲ. ಕೈಯ ಬಗ್ಗೆ ಮಾತು ಕೊಟ್ಟಿರಲಿಲ್ಲ. ಅದು ತಾನಾಗಿ ಜೇಬಿಗೆ ಹೋಯಿತು, ನಿಂಬೆಗಾತ್ರದ ಗುಂಡನ್ನು ತೆಗೆಯಿತು, ಹಿಂದಕ್ಕೆ ಬಾಗಿತು. "ಬೇಡ ಬೇಡ, ಕೇಳಿದ್ದಷ್ಟೇ..." ಎಂದು ಅಧಿಕಾರಿ ಅಂದದ್ದು ಕಿವಿಗೆ ಬಿತ್ತು. ಆದರೆ ಗುಂಡು ಆಗಲೇ ಹೊರಟುಹೋಗಿತ್ತು.

ಫಟ್.

ನಡುವಿನ ಗಾಜು ಈ ಮೂಲೆಯಿಂದ ಆ ಮೂಲೆಯವರೆಗೆ ಬೆಳ್ಳಗೆ ಸೀಳಿತು. ಸಾವಿರಾರು ಚೂರು. ಒಂದೂ ಉದುರಲಿಲ್ಲ. ಎಲ್ಲ ಫಿಲ್ಮಿಗೆ ಕಚ್ಚಿಕೊಂಡು ಹಾಗೇ ನಿಂತಿತು. ನನಗೆ ಆನಂದ ತಡೆಯಲಾಗಲಿಲ್ಲ. ಕೊಟ್ಟ ಮಾತು ಮರೆತು ಬಾಯಿ ಬಿಟ್ಟೆ.

"ನೋಡಿ ಸಾರ್, ಒಂದು ಚೂರೂ ಬಿದ್ದಿಲ್ಲ."

ಅಧಿಕಾರಿ ತಮ್ಮ ಕೈಯಲ್ಲಿದ್ದ ಕಾಗದ ನೋಡಿದರು. 'ಗಾಜು ಬಿರುಕಿಲ್ಲದೆ ಪೂರ್ತಿ ಇದೆಯೇ' ಎಂಬ ಸಾಲಿನ ಮುಂದೆ ತಾವೇ ಹಾಕಿದ್ದ ಸರಿ ಗುರುತನ್ನು ನಿಧಾನವಾಗಿ ಹೊಡೆದುಹಾಕಿದರು. ಕೆಂಪು ವ್ಯಾನಿನ ಡ್ರೈವರು ಒರೆಸುವ ಬಟ್ಟೆ ಮಡಿಸಿಟ್ಟು ತಲೆಗೂದಲು ಸರಿಮಾಡಿಕೊಂಡ.

ಆಗ ನನಗೆ ಹೊಳೆಯಿತು. ಉದುರದೆ ಇರುವುದು ಬೇರೆ, ಒಡೆಯದೆ ಇರುವುದು ಬೇರೆ. ಅಂಗಡಿಯವನು ಮೊದಲ ದಿನವೇ ಬಿಡಿಸಿ ಹೇಳಿದ್ದ. ನಾನು ಒಂದನ್ನೇ ತಲೆಗೆ ಹಾಕಿಕೊಂಡು, ಇನ್ನೊಂದನ್ನು ಹನ್ನೊಂದು ದಿನ ಮರೆತಿದ್ದೆ. ಇರಲಾರದೆ ಇರುವೆ ಬಿಟ್ಟುಕೊಂಡವರನ್ನು ಕೇಳಿದ್ದೇನೆ. ಹೆಂಡತಿಯ ಎರಡು ವರ್ಷದ ಆಸೆಯೊಳಗೆ ಇರುವೆ ಬಿಟ್ಟವನು ನಾನೊಬ್ಬನೇ ಇರಬೇಕು. ಎರಡು ಸಲ ಕಲ್ಲು ಹೊಡೆದ ಆ ಪುಣ್ಯಾತ್ಮನಾದರೂ ತಪಾಸಣೆಯ ದಿನ ಬಂದಿರಲಿಲ್ಲ.

ಓರೆಗಣ್ಣಿನಿಂದ ಹೆಂಡತಿಯ ಕಡೆ ನೋಡಿದೆ. ಅವಳು ಕೂಗಾಡಲಿಲ್ಲ, ಅಳಲಿಲ್ಲ. ಕಣ್ಣು ಮಾತ್ರ ಒಂದು ಸಲ ತುಂಬಿತು, ಅದನ್ನು ಹಾಗೇ ತಡೆದುಕೊಂಡಳು. ಕೆಳಗೆ ಉರುಳುತ್ತಿದ್ದ ಗುಂಡನ್ನು ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು.

"ಸಾರ್, ಆಫೀಸು ಎಷ್ಟು ಹೊತ್ತಿನವರೆಗೂ ಇರುತ್ತೆ?"

"ನಾಲ್ಕರವರೆಗೆ."

"ನಾಲ್ಕರೊಳಗೆ ಹೊಸ ಗಾಜು ಹಾಕ್ಸಿ, ಫಿಲ್ಮ್ ಹಾಕ್ಸಿ ತಂದ್ರೆ ಇನ್ನೊಂದ್ಸಲ ನೋಡ್ತೀರಾ?"

"ಸಾರ್, ನನ್ನ ಗಾಡಿ ಈಗ್ಲೇ ರೆಡಿ ಇದೆ," ಅಂದ ಕೆಂಪು ವ್ಯಾನಿನವನು.

ಅಧಿಕಾರಿ ಗಡಿಯಾರ ನೋಡಿದರು, ಅವಳನ್ನು ನೋಡಿದರು, ನನ್ನನ್ನು ಬಹಳ ಹೊತ್ತು ನೋಡಿದರು. ನನ್ನನ್ನು ನೋಡಿದ್ದೇ ಅವಳಿಗೆ ಒಳ್ಳೆಯದಾಯಿತು ಅಂತ ಕಾಣುತ್ತದೆ. "ನಾಲ್ಕರವರ್ಗೂ ಕಾಯ್ರಿ," ಅಂದರು ಅವನಿಗೆ. ಇವಳಿಗೆ, "ಹೋಗಿ ಬನ್ನಿಯಮ್ಮ," ಅಂದರು.

"ನಾನೂ ಬರ್ತೀನಿ," ಅಂದೆ.

"ಬೇಡ."

ಒಂದೇ ಮಾತು. ವ್ಯಾನು ಹೋಯಿತು. ಸೀಳಿದ ಗಾಜು ಗೇಟಿನ ಉಬ್ಬಿನ ಮೇಲೆ ಕುಲುಕಿದರೂ ಒಂದು ಚೂರು ಬೀಳಲಿಲ್ಲ. ಅದನ್ನು ಯಾರಿಗಾದರೂ ಹೇಳೋಣವೆಂದು ಅತ್ತಿತ್ತ ನೋಡಿದೆ. ಕೇಳುವವರು ಯಾರೂ ಇರಲಿಲ್ಲ.

ಹೊರರೋಗಿಗಳ ಬೆಂಚಿನ ಮೇಲೆ ಫೈಲು ತಬ್ಬಿಕೊಂಡು ಐದು ಗಂಟೆ ಕೂತೆ. ಅಷ್ಟು ಹೊತ್ತು ಗಡಿಯಾರ ನೋಡಿದವನಿಗೆ ಗಡಿಯಾರದ ಮೇಲೂ ಗಾಜಿದೆ ಅನ್ನುವುದು ಸಹಿಸಲಾಗುವುದಿಲ್ಲ. ಗಾಜಿನಂಗಡಿಯಲ್ಲಿ ಅವಳ ವ್ಯಾನಿನ ಅಳತೆಯದು ಸಿಗದಿದ್ದರೆ? ಸಿಕ್ಕಿ, ಫಿಲ್ಮ್ ಅಂಗಡಿ ಮುಚ್ಚಿದ್ದರೆ? ದಾರಿಯಲ್ಲಿ ಇನ್ನೊಬ್ಬ ಪುಣ್ಯಾತ್ಮ ಸಿಕ್ಕರೆ? ಹದಿನಾರು ವರ್ಷದಲ್ಲಿ ಅವಳು ನನ್ನಿಂದ ಏನನ್ನೂ ಕೇಳಿದವಳಲ್ಲ, ಗುಂಡೊಂದನ್ನು ಬಿಟ್ಟು. ಅದನ್ನೂ ನಾನು ಸರಿಯಾಗಿ ಕೊಟ್ಟಿರಲಿಲ್ಲ. ಮಧ್ಯಾಹ್ನ ಒಬ್ಬ ನರ್ಸು ಹತ್ತಿರ ಬಂದಳು.

"ಯಾರನ್ನ ನೋಡೋಕೆ ಬಂದಿದೀರಾ?"

"ಯಾರನ್ನೂ ಇಲ್ಲಮ್ಮ. ನನ್ನನ್ನೇ ಇಲ್ಲಿ ಬಿಟ್ಟು ಹೋಗಿದಾರೆ."

ಅವಳು ಅನುಮಾನದಿಂದ ನನ್ನ ಕೈ ಹಿಡಿದು ನಾಡಿ ನೋಡಿದಳು, ಬಿಪಿ ನೋಡಿದಳು, ಮುಖ ಗಂಭೀರ ಮಾಡಿಕೊಂಡಳು. "ಯಾಕಿಷ್ಟು ಜಾಸ್ತಿ ಇದೆ? ಮನೇಲಿ ಏನಾದ್ರೂ ತೊಂದರೆನಾ?"

"ಇದೆ. ನಾನೇ," ಅಂದೆ.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ವ್ಯಾನು ಗೇಟಿನೊಳಗೆ ಬಂತು. ಹೊಸ ಗಾಜು, ಹೊಸ ಫಿಲ್ಮು, ಬಿರುಕಿಲ್ಲ, ಗುಳ್ಳೆಯಿಲ್ಲ. ಹೆಂಡತಿ ಬೆವರಿದ್ದಳು, ಬೆಳಗಿನಿಂದ ಏನೂ ತಿಂದಿರಲಿಲ್ಲ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಅಧಿಕಾರಿ ಆಫೀಸಿನಿಂದ ಇಳಿದು ಬಂದು ಮತ್ತೆ ಸುತ್ತಿದರು. ಈ ಸಲ ಗಾಜನ್ನು ಬೆರಳಿನಿಂದ ಮುಟ್ಟಲಿಲ್ಲ, ನನ್ನ ಎರಡು ಕೈಗಳೂ ಎಲ್ಲಿವೆ ಎಂದು ನೋಡಿಕೊಂಡೇ ಹೆಜ್ಜೆ ಇಟ್ಟರು. ಹೊಡೆದುಹಾಕಿದ್ದ ಗುರುತಿನ ಪಕ್ಕದಲ್ಲಿ ಹೊಸ ಸರಿ ಗುರುತು ಬಿತ್ತು. ಕೆಂಪು ವ್ಯಾನು ಹೊಗೆ ಬಿಟ್ಟು ಹೊರಟುಹೋಯಿತು. ನಾನು ಬೆಂಚಿನ ಮೇಲೇ ಕುಸಿದು ಕೂತು, ದೊಡ್ಡವನೆನ್ನುವುದನ್ನೂ ಮರೆತು ಕಣ್ಣೊರೆಸಿಕೊಂಡೆ.

ಅಧಿಕಾರಿ ಒಪ್ಪಂದದ ಕಾಗದ ತಂದರು. ಅಚ್ಚಾದ ಷರತ್ತುಗಳು ಹನ್ನೆರಡಿದ್ದವು. ಅದರ ಕೆಳಗೆ ಪೆನ್ನಿನಿಂದ ಹದಿಮೂರನೆಯದನ್ನು ಬರೆದು, ನನಗೂ ಕೇಳಿಸಲಿ ಎಂದೋ ಏನೋ, ಗಟ್ಟಿಯಾಗಿ ಓದತೊಡಗಿದರು.

"ವಾಹನದ ಮಾಲೀಕರ ಪತಿಯವರು ಯಾವುದೇ ಕಾರಣಕ್ಕೂ ಸದರಿ ವಾಹನವನ್ನು ಹತ್ತತಕ್ಕದ್ದಲ್ಲ, ಮುಟ್ಟತಕ್ಕದ್ದಲ್ಲ, ಅದರ ಇಪ್ಪತ್ತು ಅಡಿ ಸಮೀಪಕ್ಕೆ..."

ಅಷ್ಟಕ್ಕೆ ನಿಲ್ಲಿಸಿ, ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ಸಂಸಾರದ ವಿಷಯ ಇದು. ಅವಸರ ಮಾಡ್ಬೇಡಿಯಮ್ಮ. ಮನೆಗೆ ತಗೊಂಡು ಹೋಗಿ, ಇಬ್ಬರೂ ಕೂತು ಯೋಚನೆ ಮಾಡಿ, ಸೋಮವಾರ ಕೊಟ್ರೂ ನಡೆಯುತ್ತೆ."

ನಮ್ಮ ಮದುವೆಯ ದಿನ ನೋಂದಣಿ ಪುಸ್ತಕದ ಮುಂದೆ ಪೆನ್ನು ಹಿಡಿದು ಕೂತು, "ಇನ್ನೊಂದ್ಸಲ ಓದ್ತೀನಿ, ಇನ್ನೊಂದ್ಸಲ ಓದ್ತೀನಿ," ಅಂತ ಎರಡೂ ಮನೆಯವರನ್ನು ಮುಕ್ಕಾಲು ಗಂಟೆ ಕಾಯಿಸಿದವಳು ಇವಳು. ಈ ಕಾಗದವನ್ನು ಅವಳು ಓದಲೇ ಇಲ್ಲ. ಅಧಿಕಾರಿ ಸೋಮವಾರ ಅನ್ನುವಷ್ಟರಲ್ಲಿ ಸಹಿ ಹಾಕಿ ಆಗಿತ್ತು.